ನಂಜಣ್ಣನ ಫಿಯಟ್ಟು ಆಕಾಶ ನೋಡಿದ್ದು

ಶಿವರಾತ್ರಿ ಕಳೆದು ಚಳಿ ಬಿಟ್ಟಿತ್ತು. ಹುಣಸೆಹಣ್ಣು ಬಡಿಯುವ ಕಾಲ. ದನಗಳು ಕೊಟ್ಟಿಗೆ ಸೇರಿದ್ದವು, ಬೀದಿ ದೀಪ ಇನ್ನೂ ಹತ್ತಿರಲಿಲ್ಲ. ಎದುರಿಗೆ ಯಾರೋ ಬರುತ್ತಿದ್ದಾರೆ ಎನ್ನುವುದು ಕಾಣುತ್ತದೆ, ಯಾರು ಅನ್ನುವುದು ಗುರುತು ಹತ್ತುವುದಿಲ್ಲ, ಅಂಥ ಹೊತ್ತು. ಆ ಹೊತ್ತಿನಲ್ಲಿ ನಮ್ಮ ನಂಜಣ್ಣ ತನ್ನ ಫಿಯಟ್ ಕಾರನ್ನು ಭಾವನ ಮನೆಯ ಹುಲ್ಲುಮೆದೆಯ ಒಳಕ್ಕೆ ಬಿಟ್ಟ.

ಒಳಕ್ಕೆ ಎಂದರೆ ಒಳಕ್ಕೇ. ಹಿಂದಿನ ನಂಬರ್ ಪ್ಲೇಟು ಮಾತ್ರ ಹೊರಗೆ ಉಳಿದಿತ್ತು.

ಎಡಗಡೆ ಸೀಟಿನಲ್ಲಿದ್ದವನು ನಾನು. ಗೋಣಿಕೊಪ್ಪದ ಕಾಫಿ ತೋಟದ ಸಾಹುಕಾರರೊಬ್ಬರಿಂದ ಆ ಕಾರು ನಮ್ಮೂರಿಗೆ ಬಂದ ದಿನದಿಂದಲೂ ಆ ಸೀಟು ನನ್ನದೇ. ಬೇರೆಯವರು ಅಲ್ಲಿ ಕೂರುವುದಿಲ್ಲ. ಕೂತವರು ಬಾಗಿಲು ತೆರೆದುಕೊಳ್ಳದಂತೆ ದಾರಿಯುದ್ದಕ್ಕೂ ಹಿಡಿದುಕೊಂಡಿರಬೇಕು. ಎಷ್ಟು ಬಿಗಿಯಾಗಿ ಹಿಡಿಯಬೇಕು, ಯಾವ ತಿರುವಿನಲ್ಲಿ ಸಡಿಲ ಬಿಡಬೇಕು ಎನ್ನುವ ವಿದ್ಯೆ ನನಗೊಬ್ಬನಿಗೇ ಬರುತ್ತಿತ್ತು. ಓದು ನನಗೆ ಹತ್ತಲಿಲ್ಲ. ಇದು ಹತ್ತಿತು.

ಮೆದೆಯ ಮುಂದಿನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಜನ ಕೂತಿದ್ದರು. ನಂಜಣ್ಣನ ಅಕ್ಕ ರಾಣಿ, ಅವಳ ಗಂಡ ಲಿಂಗರಾಜು, ಲಿಂಗರಾಜುವಿನ ಸ್ನೇಹಿತ ಕಂಟ್ರಾಕ್ಟರ್ ಮಹೇಶ್‌ಕುಮಾರ್. ಲಿಂಗರಾಜುವಿನ ಮಗಳು ರಾಧಾಗೆ ಸಾಲಿಗ್ರಾಮದ ಕಡೆಯ ಗಂಡು ಗೊತ್ತಾಗಿತ್ತು. ಯುಗಾದಿ ಕಳೆದ ಮೇಲೆ ಹುಣಸೂರಿನ ಛತ್ರದಲ್ಲಿ ಮದುವೆ. ಅದರ ಮಾತುಕತೆ ನಡೆಯುತ್ತಿತ್ತು. ನಾವಿಬ್ಬರೂ ತಲೆಯ ಮೇಲಿನ ಹುಲ್ಲು ಕೊಡವಿಕೊಂಡು ಹೋಗಿ ನಿಂತೆವು.

"ಈ ಮೆದೆ ಯಾವಾಗ ಬಂತು ಭಾವ ಇಲ್ಲಿಗೆ?" ಎಂದ ನಂಜಣ್ಣ, ತಪ್ಪು ಮೆದೆಯದೇ ಎಂಬ ಧಾಟಿಯಲ್ಲಿ.

"ಸಂಕ್ರಾಂತಿಯಿಂದ ಅಲ್ಲೇ ಅದೆ," ಎಂದ ಲಿಂಗರಾಜು. "ನಿನ್ ಕಾರ್ಗೆ ಕಣ್ ಕಾಣಲ್ಲ ಕಣ ನಂಜಣ್ಣ. ಅದ್ರ ಲೈಟ್ಗಿಂತ ನಮ್ಮಜ್ಜಿ ಸೇದೋ ಬೀಡಿ ಜೋರಾಗಿ ಉರೀತಿತ್ತು."

ಮಹೇಶ್‌ಕುಮಾರ್ ನಕ್ಕ. ಅವನಿಗೆ ನಗುವ ಅಧಿಕಾರವಿತ್ತು. ಹೊರಗೆ ಅವನ ಹೊಸ ಕಾರು ನಿಂತಿತ್ತು. ಕಪ್ಪಗೆ, ಅಗಲವಾಗಿ, ಕೋಣ ಮಲಗಿದ ಹಾಗೆ.

"ಅದ್ಕೇ ನಾನು ತೀರ್ಮಾನ ಮಾಡಿವ್ನಿ," ಎಂದು ಲಿಂಗರಾಜು ಮುಂದುವರಿಸಿದ. "ಆರತಕ್ಷತೆ ಸಂಜೆ ರಾಧಾ ಮಹೇಶಣ್ಣನ ಕಾರಲ್ಲಿ ಬತ್ತಾಳೆ. ಮೇಲ್ಗಡೆ ತೆಗೆಯೋ ಗಾಜದೆ ಅದ್ಕೆ. ನಿಂತ್ಕಂಡು ಕೈ ಬೀಸ್ಕಂಡು ಬರಬೌದು."

ನಂಜಣ್ಣನ ಮುಖ ಸಪ್ಪಗಾಯಿತು. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಹೆಣ್ಣನ್ನು ಹಸೆಮಣೆಗೆ ಕರೆತರುವವನು ಸೋದರಮಾವ. ಅವನು ಕೈ ಹಿಡಿಯದೆ ಹೆಣ್ಣು ಏಳುವುದಿಲ್ಲ. ಮನೆಯಿಂದ ಛತ್ರದವರೆಗೂ ಅವನೇ ಕರೆತರಬೇಕು ಎಂದು ಯಾರೂ ಬರೆದಿಟ್ಟಿಲ್ಲ. ಆದರೆ ರಾಣಿಯ ಮದುವೆಯಲ್ಲಿ ಅವಳ ಸೋದರಮಾವ ತಾನೇ ಎತ್ತಿನ ಗಾಡಿ ಹೊಡೆದುಕೊಂಡು ಬಂದದ್ದು ನನಗೆ ನೆನಪಿದೆ. ಗಾಡಿಯ ಮೂಕಿಯ ಕೆಳಗೆ ಲಾಟೀನು ತೂಗುತ್ತಿತ್ತು. ಗಾಡಿಯ ಹಿಂದೆ ಚಡ್ಡಿ ಹಾಕಿಕೊಂಡು ಓಡುತ್ತಿದ್ದ ನಂಜಣ್ಣ, ಅಕ್ಕನಿಗೆ ಮಗಳು ಹುಟ್ಟಿದರೆ ಹೀಗೇ ಕರೆತರುತ್ತೇನೆಂದು ಆಗಲೇ ಗೊತ್ತುಮಾಡಿಕೊಂಡಿದ್ದ. ಫಿಯಟ್ಟು ಕೊಂಡದ್ದೇ ಅದಕ್ಕೆ. ಅವನಿಗೆ ಹೆಣ್ಣು ಮಕ್ಕಳಿಲ್ಲ.

"ಹೆಣ್ಣ ಕರ್ಕೊಂಡು ಬರೋನು ಸೋದರಮಾವ," ಎಂದ ಅವನು.

"ಹಸೆಮಣೇಗೆ ಕರ್ಕೊಂಡ್ ಬಾ, ಯಾರ್ ಬ್ಯಾಡ ಅಂದರು? ಹುಲ್ಲುಮೆದೆಗೆ ಬ್ಯಾಡ."

ಬಾಗಿಲ ಒಳಗಿಂದ ರಾಧಾಳ ದನಿ ಬಂತು. "ನಾನು ಮಾವನ ಕಾರಲ್ಲೇ ಬರದು. ಚಿಕ್ಕೋಳಿದ್ದಾಗ್ಲೇ ಮಾತು ಕೊಟ್ಟಿವ್ನಿ."

"ನೀನ್ ಸುಮ್ಕಿರಮ್ಮಿ," ಎಂದ ಲಿಂಗರಾಜು. ರಾಣಿಯ ಮುಖ ನೋಡಿದ. ಅಲ್ಲಿ ಅವನಿಗೆ ಬೆಂಬಲ ಕಾಣಲಿಲ್ಲ. ಮಾತು ಮುಗಿಸುವುದಕ್ಕಾಗಿ ಅಂದ: "ಆಯ್ತು ಬುಡು. ಮದ್ವೆ ಒಳ್ಗೆ ಆ ಕಾರ್ಗೆ ಕಣ್ಣು ಬರ್ಸು. ಆಮೇಲೆ ನೋಡಣ."

ಮಾತು ಮುಗಿಸಲು ಆಡಿದ ಮಾತು ಅದು. ನಂಜಣ್ಣ ಅದನ್ನು ಹೈಕೋರ್ಟಿನ ತೀರ್ಪು ಎಂದುಕೊಂಡ.

ಮಾರನೆಯ ದಿನ ಬೆಳಿಗ್ಗೆ ನಾವು ಹುಣಸೂರಿನ ಖದೀರನ ಅಂಗಡಿಯಲ್ಲಿದ್ದೆವು. ಖದೀರ್ ಗಾಡಿಗಳ ವೈರಿಂಗ್ ಕೆಲಸದವನು. ಅವನಪ್ಪನ ಕಾಲದಿಂದ ಅಂಗಡಿ ಅಲ್ಲೇ ಇದೆ. ಫಿಯಟ್ಟಿನ ದುಂಡು ದೀಪಗಳ ಮುಂದೆ ಅವನು ಕುಕ್ಕರಗಾಲಿನಲ್ಲಿ ಕೂತು, ಲೈಟು ಹಾಕಿ ಎಂದ. ನಂಜಣ್ಣ ಹಾಕಿದ. ಖದೀರ್ ಕೈಯಿಂದ ನೆರಳು ಮಾಡಿಕೊಂಡು ಬಹಳ ಹೊತ್ತು ನೋಡಿದ.

"ಹಾಕಿದ್ರಾ ನಂಜಣ್ಣ?"

"ಹಾಕಿವ್ನಿ."

"ಹಾಕಿದ್ರಂತೆ," ಎಂದು ಖದೀರ್ ತನಗೇ ಹೇಳಿಕೊಂಡ. "ಇದು ಮುಂದೆ ನೋಡೋಕೆ ಇರೋ ಲೈಟ್ ಅಲ್ಲ. ಹತ್ತಿದೆಯಾ ಇಲ್ಲವಾ ಅಂತ ನಾವು ಹೋಗಿ ನೋಡ್ಬೇಕಾದ ಲೈಟು."

ಹೊಸ ಎಲ್‌ಇಡಿ ಬಲ್ಬು, ಹೊಸ ವೈರು, ಮಧ್ಯೆ ಒಂದು ರಿಲೇ. ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಖದೀರ್ ಶೆಟರ್ ಅರ್ಧ ಎಳೆದು ಕತ್ತಲು ಮಾಡಿ, ಎದುರಿನ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಬೆಳಕು ಆ ಗೆರೆ ದಾಟದ ಹಾಗೆ ದೀಪದ ತಿರುಪು ತಿರುಗಿಸಿದ. ಗೋಡೆಯ ಮೇಲೆ ಎರಡು ಬಿಳಿ ತಟ್ಟೆಗಳು ಬಿದ್ದವು. ಮೂಲೆಯಲ್ಲಿ ಮಲಗಿದ್ದ ಬೆಕ್ಕು ಬೆಳಗಾಯಿತೆಂದು ಎದ್ದು ಹೋಯಿತು.

"ಹಿಂದೆ ಲೋಡು ಹಾಕ್ತೀರಾ ಅಣ್ಣ?" ಎಂದು ಖದೀರ್ ಕೇಳಿದ. "ಭಾರ ಹಾಕಿದ್ರೆ ಹಿಂದೆ ಕೂತ್ಕೊಳ್ತದೆ, ಮೂತಿ ಮೇಲೆ ಏಳ್ತದೆ. ಆಗ ಲೈಟು ರೋಡ್ ಬಿಟ್ಟು ಆಕಾಶಕ್ಕೆ ಹೋಗ್ತದೆ. ಹಾಕೋದಾದ್ರೆ ಈಗ್ಲೇ ಹೇಳಿ, ಒಂದು ಸುತ್ತು ಇಳಿಸ್ತೀನಿ."

ಆ ಕಾರಿನ ಹಿಂದಿನ ಸೀಟಿನಲ್ಲಿ ಮನುಷ್ಯರು ಕೂತದ್ದಕ್ಕಿಂತ ಬೂಸಾ ಮೂಟೆ ಕೂತದ್ದು ಹೆಚ್ಚು. ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಮೂಟೆ ಹೊತ್ತು ಹೊತ್ತು ನೇರವಾಗಿ ಹೋಗಿದ್ದವು. ಅಷ್ಟು ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅಂಗಡಿಯಲ್ಲಿ ಇನ್ನೂ ಇಬ್ಬರು ಗಿರಾಕಿಗಳಿದ್ದರು, ಇಬ್ಬರೂ ಹೊಸ ಕಾರಿನವರು.

"ಲೋಡಾ?" ಎಂದ ನಂಜಣ್ಣ. "ಮದ್ವೆ ಕಾರು ಕಣಪ್ಪ ಇದು. ಹೆಣ್ ಕೂರೋ ಸೀಟು. ಲೋಡ್ ಹಾಕೋಕೆ ನಮ್ಗೆ ಬೇರೆ ಗಾಡಿಗಳವೆ."

ಬೇರೆ ಗಾಡಿ ಎಂದರೆ ಒಂದು ಸೈಕಲ್ಲು. ನಾನು ಅವನ ಮುಖ ನೋಡಿದೆ. ಅವನು ಗೋಡೆ ನೋಡಿದ.

ಅಲ್ಲಿಂದ ನೇರವಾಗಿ ಹೋಗಿ ನಾವು ಬೂಸಾ, ಹಿಂಡಿ, ಮದುವೆಯ ಅಕ್ಕಿ ಎಲ್ಲವನ್ನೂ ಹಿಂದಿನ ಸೀಟಿಗೆ ತುಂಬಿದೆವು. ಊರ ಹತ್ತಿರ ಬರುವಷ್ಟರಲ್ಲಿ ಮುಸ್ಸಂಜೆ. ವೀರನಹೊಸಹಳ್ಳಿಯ ಕಾಡಿನ ಗೇಟಿಗೆ ಹೋಗುವ ರಸ್ತೆಯಿಂದ ನಮ್ಮೂರಿಗೆ ತಿರುಗುವಲ್ಲಿ ನಂಜಣ್ಣ ಗಾಡಿ ನಿಲ್ಲಿಸಿ, ದೇವರಿಗೆ ಕೈ ಮುಗಿದು, ಲೈಟು ಹಾಕಿದ.

ರಸ್ತೆ ಎಲ್ಲಿತ್ತೋ ಅಲ್ಲೇ ಕತ್ತಲಲ್ಲಿ ಉಳಿಯಿತು. ನೀಲಗಿರಿ ಮರಗಳ ತುದಿ ಮಾತ್ರ ಹಾಲಿನಲ್ಲಿ ಅದ್ದಿದ ಹಾಗೆ ಬೆಳ್ಳಗಾದವು. ಬಾವಲಿಗಳು ಎದ್ದವು. ಗುಂಡಿಗೆ ಗಾಡಿ ಇಳಿದು ಹತ್ತಿದಂತೆಲ್ಲ ಬೆಳಕಿನ ಎರಡು ಕೋಲು ಆಕಾಶದಲ್ಲಿ ಅತ್ತಿತ್ತ ಓಲಾಡಿದವು.

"ನೋಡ್ದಾ ಚೆಲುವಣ್ಣ, ಎಂಥಾ ಬೆಳಕು," ಎಂದ ನಂಜಣ್ಣ.

"ರೋಡ್ ಕಾಣಲ್ಲ ಕಣ," ಎಂದೆ.

"ರೋಡ್ ನಮ್ಗೆ ಗೊತ್ತಿರೋದೇ ಅಲ್ವಾ."

ನಮ್ಮೂರು ಕಾಡಿನ ಅಂಚಿನದು. ಆನೆ ಹೊರಗೆ ಬಂತೆಂದರೆ ಫಾರೆಸ್ಟಿನವರ ಜೀಪು ಬರುತ್ತದೆ, ಜೀಪಿನ ಮೇಲಿಂದ ದೊಡ್ಡ ದೀಪ ಬಿಟ್ಟು ಮರದ ಮೇಲೆ, ಹೊಲದ ಮೇಲೆ ಆಡಿಸುತ್ತಾರೆ. ಆದ್ದರಿಂದ ಆಕಾಶದಲ್ಲಿ ಬಿಳಿ ಬೆಳಕು ಓಡಾಡಿತೆಂದರೆ ಯಾರೂ ಯಾರನ್ನೂ ಕೇಳುವುದಿಲ್ಲ. ಮೊದಲು ಕಂಡವನು ಡಬ್ಬ ಬಡಿಯುತ್ತಾನೆ. ಅದನ್ನು ಕೇಳಿದವನು ತನ್ನ ಡಬ್ಬ ಬಡಿಯುತ್ತಾನೆ. ಹಾಗೆ ಹೊಲ ಕಾಯುವ ಅಟ್ಟಣೆಯಿಂದ ಅಟ್ಟಣೆಗೆ, ಊರಿಂದ ಊರಿಗೆ ಸದ್ದು ಹೋಗುತ್ತದೆ. ಪಟಾಕಿ ಇದ್ದವರು ಪಟಾಕಿ ಹಚ್ಚುತ್ತಾರೆ.

ಮೊದಲು ಕಂಡವನು ಬಾಳೆತೋಟದ ಅಟ್ಟಣೆಯ ಮೇಲಿದ್ದ ಕುಳ್ಳಯ್ಯ. ಅವನು ಬಡಿದ. ಊರು ಬಡಿಯಿತು. ನಾವು ಕೆರೆ ದಾಟುವಷ್ಟರಲ್ಲಿ ಎಡಕ್ಕೂ ಬಲಕ್ಕೂ ಡಬ್ಬ, ತಟ್ಟೆ, ಜಾಗಟೆ, ತಮಟೆ. ಒಂದು ಸರಪಟಾಕಿ ಢಮಢಮನೆ ಹಾರಿತು.

ನಂಜಣ್ಣನ ಕಣ್ಣಲ್ಲಿ ನೀರು ಬಂತು.

"ಊರು ಅಂದ್ರೆ ಇದು ಕಣ," ಎಂದ. "ಒಬ್ಬ ಒಂದು ಒಳ್ಳೇದ್ ಮಾಡ್ಕಂಡು ಬಂದ್ರೆ ಎಂಗೆ ಕರ್ಕೋತಾರೆ ನೋಡು. ಯಾರ್ ಹೇಳಿರ್ಬೌದು ಇವ್ರಿಗೆ, ಲೈಟ್ ಹಾಕ್ಸವ್ನೆ ಅಂತ?" ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸತೊಡಗಿದ. ಅದರ ಮೇಲೆ ಹಾರನ್ನು ಬೇರೆ ಹೊಡೆದ. ಬಾನೆಟ್ಟಿನ ಮೇಲೆ ಒಂದು ಪಟಾಕಿ ಬಿದ್ದಾಗಲೂ ಅವನು, "ಪ್ರೀತಿ ಜಾಸ್ತಿಯಾಯ್ತು," ಎಂದನೇ ಹೊರತು ಬೇಜಾರು ಮಾಡಿಕೊಳ್ಳಲಿಲ್ಲ.

ಮನೆಯ ಮುಂದೆ ಅವನ ಹೆಂಡತಿ ಚಿಕ್ಕಬೀರಮ್ಮ ಎಮ್ಮೆಯನ್ನು ಒಳಮನೆಗೆ ಎಳೆದುಕೊಂಡು, ಬಾಗಿಲಿಗೆ ಒನಕೆ ಆನಿಸಿ ನಿಂತಿದ್ದಳು. ಇಳಿದವನನ್ನು ನೋಡಿ, ಲೈಟನ್ನು ನೋಡಿ, ಮತ್ತೆ ಅವನನ್ನು ನೋಡಿದಳು.

"ಆನೆ ಬಂದದೆ ಅಂತ ಊರೇ ಬಡ್ಕೊಂತಾ ಅದೆ. ಅದು ನೀವಾ?" ಎಂದಳು.

ಅದಾದ ಮೇಲೆ ನಂಜಣ್ಣ ಸಂಜೆ ಹೊತ್ತು ಹೊರಟಾಗಲೆಲ್ಲ ಇದೇ ನಡೆಯಿತು. ಹಿಂದೆ ಏನೂ ಹೊರೆ ಇಲ್ಲದೆ ಅವನು ಹೊರಡುತ್ತಲೇ ಇರಲಿಲ್ಲ. ಮದುವೆ ಮನೆಯ ಓಡಾಟ, ಒಂದು ದಿನ ಸೌದೆ, ಒಂದು ದಿನ ತೆಂಗಿನಕಾಯಿ, ಒಂದು ದಿನ ಸೀರೆ ತರಲು ಹೊರಟ ಅತ್ತೆಯರು. ಫಾರೆಸ್ಟಿನವರು ಆನೆ ಸುದ್ದಿ ಹೇಳಲೆಂದು ಮಾಡಿಟ್ಟಿದ್ದ ವಾಟ್ಸಾಪ್ ಗುಂಪಿನಲ್ಲಿ ಮರದ ತುದಿಯ ಬೆಳಕಿನ ಫೋಟೋಗಳು ತುಂಬಿಕೊಂಡವು. ನಿಜವಾದ ಜೀಪು ಬಂದು ಬಂದು ಹೋಯಿತು. ಕೊನೆಗೆ ಒಂದು ಬೆಳಿಗ್ಗೆ ಫಾರೆಸ್ಟರ್ ಗೌರೀಶ್ ಹಾಲಿನ ಡೈರಿಯ ಮುಂದೆ ಜೀಪು ನಿಲ್ಲಿಸಿಕೊಂಡು ಇಳಿದರು. ಹಾಲು ಹಾಕಲು ಊರೆಲ್ಲ ಕ್ಯಾನು ಹಿಡಿದು ಸಾಲಾಗಿ ನಿಂತಿತ್ತು.

"ನಂಜಣ್ಣ, ಆ ಲೈಟು ಬಿಚ್ಚಿಸಿ," ಎಂದರು. "ಇಲ್ಲಾಂದ್ರೆ ಕೆಳಗೆ ಇಳಿಸಿಕೊಳ್ಳಿ. ಕಾಡಿನ ಪಕ್ಕ ಇಂಥಾ ಬೆಳಕು ಬಿಡೋರು ಇಬ್ಬರೇ. ಒಂದು ನಾವು, ಇನ್ನೊಂದು ಮೊಲ ಹೊಡೆಯೋರು. ನೀವು ನಮ್ಮೋರಲ್ಲ."

"ನಾನು ಮೊಲಾನೂ ಹೊಡಿಯಲ್ಲ ಸಾರ್. ನಾನು ಸೋದರಮಾವ."

ಗೌರೀಶ್ ಅವರಿಗೆ ಇದು ಯಾವ ಇಲಾಖೆ ಎಂದು ತಿಳಿಯಲಿಲ್ಲ.

ಅಷ್ಟರಲ್ಲಿ ಕುಳ್ಳಯ್ಯ ಕ್ಯಾನು ಕೆಳಗಿಟ್ಟು ಮುಂದೆ ಬಂದ. "ಸಾರ್, ಮೊನ್ನೆ ಸಂಜೆ ನಿಮ್ ಜೀಪ್ ಲೈಟೇ ಬಂತು. ನಾನು ನಂಜಣ್ಣ ಬೂಸಾ ತತ್ತಾವ್ನೆ ಅಂದ್ಕಂಡು ಅಟ್ಟಣೆ ಮೇಲೆ ಅಂಗೇ ಮಲೀಕಂಡೆ. ಡಬ್ಬ ಮುಟ್ನಿಲ್ಲ. ಎದ್ದು ನೋಡ್ತೀನಿ, ಆನೆ ಅಟ್ಟಣೆ ಕೆಳ್ಗೇ ನಿಂತ್ಕಂಡು ನನ್ ಬಾಳೆ ತಿಂತಾ ಅದೆ. ಒಂದು ಗೊನೆ ಉಳಿಸ್ನಿಲ್ಲ. ನಾನು ಮ್ಯಾಲಿಂದ ನೋಡ್ತಾ ಕೂತಿದ್ದೆ, ಬಡಿಸಿದೋನಂಗೆ."

ಸಾಲಿನಲ್ಲಿ ಯಾರೋ ನಕ್ಕರು, ಆದರೆ ಹೆಚ್ಚು ಜನ ನಗಲಿಲ್ಲ. ಕುಳ್ಳಯ್ಯನ ಬಾಳೆ ಹೋದದ್ದು ನಿಜ. ಬೆಳಕು ಕಂಡರೆ ಇನ್ನು ನಂಬುವುದೋ ಬಿಡುವುದೋ ಊರಿಗೆ ಗೊತ್ತಾಗದೆ ಹೋದದ್ದೂ ನಿಜ.

"ಬಿಚ್ಬುಡು ನಂಜಣ್ಣ," ಎಂದರು ಇಬ್ಬರು ಮೂವರು.

ನಾನು ಹತ್ತಿರ ಹೋಗಿ ಮೆಲ್ಲಗೆ, "ಖದೀರನ ಹತ್ರ ಹೋಗಿ ಒಂದು ಸುತ್ತು ಇಳಿಸ್ಕಂಡು ಬರೋಣ ಬಾ," ಎಂದೆ.

"ಲೋಡ್ ಹಾಕಲ್ಲ ಅಂದಿವ್ನಿ ಅವನ್ಗೆ," ಎಂದ ಅವನೂ ಮೆಲ್ಲಗೆ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಗಂಟಲು ಎತ್ತಿದ. "ಕುಳ್ಳಯ್ಯನ ಬಾಳೆಗೆ ನಾನು ಕಂದು ತಂದು ನೆಟ್ಕೊಡ್ತೀನಿ. ನಾನೇ ಗುಂಡಿ ತೋಡ್ತೀನಿ. ಲೈಟ್ ಬಿಚ್ಚಲ್ಲ. ಕಣ್ ಬರ್ಸು ಅಂದ್ರು, ಬರ್ಸಿವ್ನಿ. ಬಂದಿರೋ ಕಣ್ಣ ಕಿತ್ಕಂಡು ಹೆಣ್ ಕರ್ಯಕ್ಕೆ ಓಗೋ ಸೋದರಮಾವನ್ನ ಯಾರಾದ್ರೂ ಕಂಡಿದೀರಾ? ಮದ್ವೆ ಆಗಿ ಅಕ್ಕನ ಮಗಳು ಗಂಡನ್ ಮನೆಗೆ ಓಗೋಗಂಟ ಆ ಲೈಟ್ ಅಲ್ಲೇ ಇರ್ತದೆ."

ಲಿಂಗರಾಜು ಸಾಲಿನ ಕೊನೆಯಲ್ಲಿದ್ದ. ಅವನಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವಂತಿರಲಿಲ್ಲ.

"ಕಣ್ ಬರ್ಸು ಅಂದೆ ಕಣ ನಾನು," ಎಂದ. "ಕಣ್ ಅಂದ್ರೆ ಮುಂದೆ ನೋಡೋವು. ನಿಂದು ನಕ್ಷತ್ರ ಎಣ್ಸೋ ಕಾರು. ಊರೆಲ್ಲಾ ಕೇಳ್ಕಳಿ, ರಾಧಾ ಬರೋದು ಮಹೇಶಣ್ಣನ ಕಾರಲ್ಲೇ. ನೀನು ಹಿಂದ್ಗಡೆ ಪಾತ್ರೆ ತುಂಬ್ಕಂಡು ಬಾ."

"ಪಾತ್ರೆ ತರಲ್ಲ ಭಾವ," ಎಂದ ನಂಜಣ್ಣ. "ಖಾಲಿ ಬತ್ತೀನಿ. ಸೋದರಮಾವನ ಕಾರು ಅಂತಾನೇ ಬತ್ತೀನಿ. ಲೈಟ್ ಹಾಕ್ಕಂಡೇ ಬತ್ತೀನಿ."

ಕ್ಯಾನು ತೆಗೆದುಕೊಂಡು ಹೊರಟುಹೋದ. ಹಾಲು ಹಾಕುವುದನ್ನು ಮರೆತಿದ್ದ. ಚಿಕ್ಕಬೀರಮ್ಮ ಅದನ್ನು ವಾಪಸ್ಸು ಕಳಿಸಿದಳು.

ಯುಗಾದಿ ಬಂತು, ಹೋಯಿತು. ಆರತಕ್ಷತೆಯ ಭಾನುವಾರ ನಂಜಣ್ಣ ಬೆಳಗಿನಿಂದಲೇ ಫಿಯಟ್ಟನ್ನು ತೊಳೆದ. ಹಿಂದಿನ ಸೀಟಿನ ಮೇಲೆ ಜಮಖಾನ ಹಾಸಿದ. ದೀಪಗಳಿಗೆ ಅರಿಶಿನ ಕುಂಕುಮ ಇಟ್ಟು, ಒಂದೊಂದಕ್ಕೂ ಮಲ್ಲಿಗೆ ದಿಂಡು ಸುತ್ತಿದ. ಮಧ್ಯಾಹ್ನಕ್ಕೇ ರೇಷ್ಮೆ ಪಂಚೆ, ಪೇಟ ಕಟ್ಟಿಕೊಂಡು, ಯಾರೂ ಕರೆಯದ ಕಾರಿನ ಸ್ಟೇರಿಂಗ್ ಹಿಂದೆ ಕೂತ. ಪಕ್ಕದಲ್ಲಿ ನಾನು ಕೂತೆ. ಕಾರು ನಿಂತೇ ಇತ್ತು, ಆದರೂ ಅಭ್ಯಾಸಕ್ಕೆ ಬಾಗಿಲು ಹಿಡಿದುಕೊಂಡಿದ್ದೆ. ಬೀದಿಯಲ್ಲಿ ಹೋಗುವವರು ನೋಡಿ, "ಎಲ್ಲಿಗೆ?" ಎಂದು ಕೇಳಿದರೆ ಅವನು, "ಹೆಣ್ ಕರ್ಯಕ್ಕೆ," ಎನ್ನುತ್ತಿದ್ದ. "ಅವ್ಳು ಆ ಕಾರಲ್ಲಿ ಓಗ್ತಾಳಲ್ಲಪ್ಪ," ಎಂದರೆ, "ಓಗ್ಲಿ," ಎನ್ನುತ್ತಿದ್ದ, ಕದಲುತ್ತಿರಲಿಲ್ಲ.

ಮಹೇಶ್‌ಕುಮಾರನ ಕಾರು ಇಳಿಹೊತ್ತಿಗೆ ಬಂತು. ಅದಕ್ಕೆ ಲಿಂಗರಾಜು ಮಾಡಿಸಿದ್ದ ಸಿಂಗಾರ ಸಾಮಾನ್ಯದ್ದಲ್ಲ. ಬರೀ ಹೂವು ಎಲ್ಲರೂ ಕಟ್ಟುತ್ತಾರೆ ಎಂದು, ಚಪ್ಪರಕ್ಕೆ ತರಿಸಿದ್ದ ಬಾಳೆಕಂಬಗಳಲ್ಲೇ ಗೊನೆ ಸಮೇತ ಎರಡನ್ನು ಕಾರಿನ ಮುಂದೆ ಎರಡು ಕಡೆಗೂ ನಿಲ್ಲಿಸಿ ಕಟ್ಟಿಸಿದ್ದ. ಜೊತೆಗೆ ಕಬ್ಬಿನ ಜಲ್ಲೆ. ಕಾಡಿನ ಅಂಚಿನಲ್ಲಿ ಹುಟ್ಟಿ ಬೆಳೆದ ಮನುಷ್ಯ. ಮದುವೆ ಸಂಭ್ರಮ ಅಂಥದ್ದು.

ಆ ಕಾರು ಅಗಲ, ನಮ್ಮ ಬೀದಿ ಕಿರಿದು. ಒಳಗೆ ಬರಲಾಗಲಿಲ್ಲ. ಊರ ಬಾಯಲ್ಲಿ, ಹಲಸಿನ ಮರದ ಕೆಳಗೆ ನಿಂತಿತು. ಹೆಣ್ಣನ್ನು ಅಲ್ಲಿಯವರೆಗೆ ವಾಲಗದಲ್ಲಿ ಕರೆತರುವುದೆಂದು ಮಾತಾಯಿತು. ಮಹೇಶ್‌ಕುಮಾರ್ ಮತ್ತು ಲಿಂಗರಾಜು ತಣ್ಣಗಿನ ಗಾಳಿ ಹಾಕಿಕೊಂಡು ಕಾರಿನೊಳಗೆ ಕೂತು ಕಾಯುತ್ತಿದ್ದರು.

ವಾಲಗದವರು ಇನ್ನೂ ಊದಿರಲಿಲ್ಲ. ರಾಣಿಯ ಫೋನು ಹೊಡೆದುಕೊಂಡಿತು. ಲಿಂಗರಾಜುವಿನ ದನಿ ನೆಲದೊಳಗಿಂದ ಬಂದ ಹಾಗಿತ್ತು.

"ಹೊರಡ್ಬ್ಯಾಡಿ. ಬಂದದೆ. ಕಾರ್ ಮುಂದೇನೆ ಅದೆ."

ನಾವು ಮೂಲೆಮನೆಯ ಜಗಲಿಯಿಂದ ಇಣುಕಿದೆವು. ಒಂಟಿ ಸಲಗ. ಅದು ಗಲಾಟೆ ಮಾಡುತ್ತಿರಲಿಲ್ಲ. ಕಬ್ಬಿನ ಜಲ್ಲೆ ಮುಗಿಸಿ, ಎಡಗಡೆಯ ಬಾಳೆಕಂಬವನ್ನು ಬಿಚ್ಚಿಕೊಳ್ಳುತ್ತಿತ್ತು. ಆ ಕಾರಿನ ದೀಪ ಕತ್ತಲಾದರೆ ತಾನಾಗಿಯೇ ಹತ್ತುವ ಜಾತಿಯದು. ಹತ್ತಿಕೊಂಡಿತ್ತು. ಆರಿಸುವುದು ಹೇಗೆಂದು ಮಹೇಶ್‌ಕುಮಾರನಿಗೆ ಅವತ್ತು ನೆನಪಿಗೆ ಬರಲಿಲ್ಲ. ಆನೆಗೆ ಊಟದ ಹೊತ್ತಿಗೆ ಯಾರೋ ದೀಪ ಹಿಡಿದ ಹಾಗಾಯಿತು.

ಗೌರೀಶ್ ಅವರಿಗೆ ಫೋನು ಹೋಯಿತು. "ಬರ್ತಾ ಇದೀವಿ. ಯಾರೂ ಡಬ್ಬ ಬಡೀಬೇಡಿ, ಪಟಾಕಿ ಬೇಡ, ಲೈಟು ಬೇಡ. ಕಾರೊಳಗೆ ಜನ ಇದಾರೆ. ಅದು ಗಾಬರಿ ಆದ್ರೆ ಕಷ್ಟ," ಎಂದರು.

ಇತ್ತ ಛತ್ರದಿಂದ ಗಂಡಿನ ಕಡೆಯವರ ಫೋನು. ಜನ ಸೇರಿದ್ದಾರೆ, ಹುಡುಗ ವೇದಿಕೆಯ ಮೇಲೆ ಒಬ್ಬನೇ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದಾನೆ, ಬಂದವರು ಹೆಣ್ಣೆಲ್ಲಿ ಎಂದು ಕೇಳಿ ಊಟಕ್ಕೆ ಹೋಗುತ್ತಿದ್ದಾರೆ. ಹುಡುಗನ ಅಜ್ಜ ಫೋನು ಕಸಿದುಕೊಂಡು, "ಆನೆ ಗೀನೆ ಅಂತ ನೆಪ ಹೇಳ್ಬ್ಯಾಡಿ. ಹೆಣ್ಗೆ ಇಷ್ಟ ಇಲ್ದಿದ್ರೆ ನೇರವಾಗಿ ಹೇಳ್ಬುಡಿ," ಎಂದ. ಕಾರು ನಿಂತಿದ್ದದ್ದು ಊರಿಗೆ ಇರುವ ಒಂದೇ ರಸ್ತೆಯ ಬಾಯಲ್ಲಿ. ಉಳಿದದ್ದು ಕೆರೆ ಏರಿ. ಅದರ ಮೇಲೆ ಎತ್ತಿನ ಗಾಡಿ ಹೋಗುತ್ತದೆ. ಕಾರು ಎಂದರೆ ಒಂದು ಫಿಯಟ್ಟು ಹೋಗಬಹುದು.

ರಾಣಿ ತಮ್ಮನ ಮನೆಯ ಮುಂದೆ ಬಂದಳು. ಹಿಂದೆ ರಾಧಾ, ಅವಳ ಹಿಂದೆ ಊರು. ನಂಜಣ್ಣ ಕೂತಲ್ಲೇ ಕೂತಿದ್ದ.

"ನಂಜ, ಹೊರಡಪ್ಪ."

"ನಾನು ಮದ್ಯಾನದಿಂದ ಹೊರಟೇ ಕೂತಿವ್ನಿ ಅಕ್ಕ. ಭಾವ ಹೇಳ್ಲಿ."

ರಾಣಿ ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಮಾಡಿ ಹಿಡಿದಳು.

"ಹೊರಡು ಮಾರಾಯ," ಎಂದಿತು ಪಿಸುದನಿ. ಹಿಂದೆ ಏನೋ ಮುರಿಯುವ ಸದ್ದು. "ಎರಡನೇ ಬಾಳೆಗೆ ಕೈ ಹಾಕ್ತಾ ಅದೆ."

"ಯಾವ ಕಾರಲ್ಲಿ ಭಾವ?"

"ನಿನ್ ಕಾರಲ್ಲಿ."

"ಯಾವ್ ಲೈಟಿರೋ ಕಾರಲ್ಲಿ?"

"ಅದೇ ಕಣ. ಆ ಲೈಟಿರೋ ಕಾರಲ್ಲೇ."

"ಯಾರ್ ಕರ್ಕೊಂಡ್ ಓಗ್ಬೇಕು ಅಂತ ಊರಿಗೆ ಒಂದು ಸಲಿ ಹೇಳ್ಬುಡಿ ಭಾವ. ಎಲ್ಲಾ ಇಲ್ಲೇ ಅವ್ರೆ."

ಫೋನಿನಲ್ಲಿ ಬಾಳೆ ಅಗಿಯುವ ಸದ್ದು ಕೇಳಿಸಿತು. ಆಮೇಲೆ ಲಿಂಗರಾಜು, ಪ್ರತಿ ಅಕ್ಷರಕ್ಕೂ ಉಸಿರು ತೆಗೆದುಕೊಂಡು, "ಸೋದರಮಾವ," ಎಂದ.

ನಂಜಣ್ಣ ಇಳಿದು ಬಂದು ರಾಧಾಳ ಕೈ ಹಿಡಿದ.

ಲೈಟು ಹಾಕುವಂತಿಲ್ಲ, ಇಂಜಿನ್ ಸದ್ದು ಮಾಡುವಂತಿಲ್ಲ. ಫಿಯಟ್ಟು ಸ್ಟಾರ್ಟಾದರೆ ಪಕ್ಕದೂರಿಗೂ ಕೇಳುತ್ತದೆ. ಹಾಗಾಗಿ ಅದನ್ನು ತಳ್ಳಿದರು. ಯಾರು ತಳ್ಳಿದರು ಎಂದರೆ, ಡೈರಿಯ ಮುಂದೆ ನಿಂತು ಬಿಚ್ಬುಡು ಎಂದವರೇ ತಳ್ಳಿದರು. ಎಲ್ಲರಿಗಿಂತ ಮುಂದೆ ಕುಳ್ಳಯ್ಯ, ಹಿಂದಿನ ಗಾಜಿಗೆ ಹಣೆ ಕೊಟ್ಟು. ಹಿಂದಿನ ಸೀಟಿನಲ್ಲಿ ರಾಧಾ, ರಾಣಿ, ಚಿಕ್ಕಬೀರಮ್ಮ, ಮಡಿಲ ಮೇಲೆ ಹಣ್ಣಿನ ತಟ್ಟೆಗಳು. ಚಪ್ಪಲಿ ಬಿಟ್ಟು ಜನ ಏರಿಯ ಮೇಲೆ ಸದ್ದಿಲ್ಲದೆ ನಡೆದರು. ಎಡಕ್ಕೆ ಕೆರೆಯ ನೀರು, ಬಲಕ್ಕೆ ಗದ್ದೆಯ ಇಳಿಜಾರು.

"ತೂಬಿನ್ ಕಲ್ಲು ಬತ್ತದೆ, ಬಲಕ್ಕೆ ತಗೊ," ಎಂದೆ ನಾನು.

"ಗೊತ್ತು."

"ಈಗ ಬೇವಿ‌ನ ಬೇರು. ನೇರ ಬಿಡು."

"ಗೊತ್ತು ಕಣ ಚೆಲುವಣ್ಣ. ಹಳೇ ಲೈಟಲ್ಲಿ ಇಷ್ಟ್ ವರ್ಷ ಇದೇ ಏರಿ ಮೇಲೆ ಓಡ್ಸಿಲ್ವಾ? ಆವಾಗ್ಲೂ ಕಾಣ್ತಿರ್ಲಿಲ್ಲ, ಈವಾಗ್ಲೂ ಕಾಣಲ್ಲ."

ಹಿಂದಿನ ಸೀಟಿನಿಂದ ರಾಧಾ ನಕ್ಕದ್ದು ಕೇಳಿಸಿತು. ಮದುಮಗಳು ಹಾಗೆ ನಗಬಾರದು ಎಂದು ರಾಣಿ ಗದರಿದಳು, ಅವಳೂ ನಗುತ್ತಿದ್ದಳು.

ಏರಿ ಇಳಿದು ವೀರನಹೊಸಹಳ್ಳಿಯ ರಸ್ತೆಗೆ ಸೇರಿದ ಮೇಲೆ ನಂಜಣ್ಣ ಇಂಜಿನ್ ಹೊತ್ತಿಸಿದ. ತಳ್ಳಿದವರ ಕಡೆ ತಿರುಗಿ, "ಹಾಕ್ಲಾ?" ಎಂದ.

"ಹಾಕು," ಎಂದ ಕುಳ್ಳಯ್ಯ, ಏದುಸಿರು ಬಿಡುತ್ತ. "ಇಷ್ಟು ತಳ್ಳಿವ್ನಿ, ನೋಡೇ ಬುಡ್ತೀನಿ."

ಲೈಟು ಹಾಕಿದ. ಹಿಂದೆ ಮೂರು ಹೆಂಗಸರು, ಹಣ್ಣು, ಕಾಯಿ, ಜರತಾರಿ ಸೀರೆ. ಬೆಳಕು ಮರ ಬಿಟ್ಟು ಮೋಡಕ್ಕೇ ಹೋಯಿತು. ನಮ್ಮೂರಿನವರು ಯಾರೂ ಡಬ್ಬ ಮುಟ್ಟಲಿಲ್ಲ, ಮಾತು ಕೊಟ್ಟಿದ್ದರು. ಆದರೆ ಪಕ್ಕದೂರಿನವರಿಗೆ ಯಾರೂ ಏನೂ ಹೇಳಿರಲಿಲ್ಲ. ಅವರು ಬಡಿದರು. ಅದನ್ನು ಕೇಳಿ ಆಚೆ ಊರಿನವರು ಬಡಿದರು. ಸದ್ದು ಸುತ್ತು ಹಾಕಿಕೊಂಡು ಹಲಸಿನ ಮರದ ಹತ್ತಿರ ಬರುವ ಹೊತ್ತಿಗೆ ಆನೆಯ ಊಟ ಮುಗಿದಿತ್ತು. ಕೊನೆಗೆ ಹೂವಿನ ಹಾರವನ್ನೂ ಬಾಯಿಗೆ ಹಾಕಿಕೊಂಡು ಅದು ಕಾಡಿನ ಕಡೆ ತಿರುಗಿತು. ತಿರುಗುವಾಗ ಹಿಂಭಾಗ ಕಾರಿಗೆ ಸ್ವಲ್ಪ ತಾಗಿತು. ಆನೆಗೆ ಅದು ಸ್ವಲ್ಪ. ಮಹೇಶ್‌ಕುಮಾರನ ಕಾರು ಚರಂಡಿಗೆ ಜಾರಿ, ಒಂದು ಕಡೆ ವಾಲಿ, ಮೇಲಿನ ಗಾಜು ತೆರೆದುಕೊಂಡು ನಿಂತಿತು. ಒಳಗಿದ್ದವರಿಗೆ ಒಂದು ಗೀರೂ ಆಗಲಿಲ್ಲ. ಆ ಗಾಜಿನಿಂದಲೇ ಮೊದಲು ಮಹೇಶ್‌ಕುಮಾರ್, ಆಮೇಲೆ ಲಿಂಗರಾಜು ಎದ್ದು ನಿಂತು ಕೈ ಬೀಸಿದರಂತೆ, ಫಾರೆಸ್ಟ್ ಜೀಪಿಗೆ.

ಹುಣಸೂರಿನ ಛತ್ರದ ಮುಂದೆ ನಾವು ತಿರುಗಿದಾಗ ಬೆಳಕು ಗೇಟು ಬಿಟ್ಟು ಮಹಡಿಯ ಮೇಲೆ ಬಿತ್ತು. ಅಲ್ಲಿ ನಿಂತಿದ್ದ ಗಂಡಿನ ಕಡೆಯವರೆಲ್ಲ ಕೈಯಿಂದ ಕಣ್ಣು ಮುಚ್ಚಿಕೊಂಡರು. ಹುಡುಗನ ಅಜ್ಜ ಕಟಕಟೆ ಹಿಡಿದು ಬಗ್ಗಿ, "ಯಾರಪ್ಪ ಅದು, ಮೋಡಕ್ಕೆ ಲೈಟ್ ಬುಟ್ಕಂಡು ಬರ್ತಿರೋದು?" ಎಂದು ಕೇಳಿದ.

"ಸೋದರಮಾವ," ಎಂದ ನಂಜಣ್ಣ, ಕೆಳಗಿನಿಂದ.

ಊಟಕ್ಕೆ ಬಂದಿದ್ದ ಖದೀರ್ ಎಲೆ ಬಿಟ್ಟು ಎದ್ದು ಬಂದು ಕಾರಿನ ಹಿಂಭಾಗ ನೋಡಿದ, ಮುಂಭಾಗ ನೋಡಿದ. "ಲೋಡ್ ಹಾಕಲ್ಲ ಅಂದ್ರಲ್ಲ ಅಣ್ಣ."

"ಇದು ಲೋಡಲ್ಲ ಕಣಪ್ಪ, ಅಕ್ಕನ ಮಗಳು," ಎಂದ ನಂಜಣ್ಣ. ಖದೀರ್ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಮಲ್ಲಿಗೆ ದಿಂಡು ಸರಿಸಿ, ಕೇಳದೆಯೇ ಒಂದು ಸುತ್ತು ಇಳಿಸಿದ. ನಂಜಣ್ಣ ಆ ಕಡೆ ತಿರುಗಿ ನಿಂತಿದ್ದ. ನೋಡಲಿಲ್ಲವಾದ್ದರಿಂದ ಅವನ ಮಟ್ಟಿಗೆ ಅದು ನಡೆದಿಲ್ಲ.

ಲಿಂಗರಾಜು ಆರತಕ್ಷತೆ ಮುಗಿಯುವ ಹೊತ್ತಿಗೆ ಫಾರೆಸ್ಟ್ ಜೀಪಿನ ಹಿಂದುಗಡೆ ಕೂತು ಬಂದ. ಸೋಮವಾರ ಧಾರೆಯಾಯಿತು. ಹೆಣ್ಣನ್ನು ಹಸೆಮಣೆಗೆ ಕರೆತಂದವನು ಯಾರು ಎಂದು ಹೇಳಬೇಕಾಗಿಲ್ಲ.

ಮಂಗಳವಾರ ನಮ್ಮಲ್ಲಿ ಹೆಣ್ಣುಮಗಳನ್ನು ಮನೆಯಿಂದ ಕಳಿಸುವುದಿಲ್ಲ. ಕಾರನ್ನು ಕಳಿಸಬಹುದು. ಮಹೇಶ್‌ಕುಮಾರನ ಕಾರು ಅವತ್ತು ಮೈಸೂರಿಗೆ ಹೋಯಿತು, ಲಾರಿಯ ಮೇಲೆ ಹತ್ತಿಕೊಂಡು.

ಬುಧವಾರ ಮಟಮಟ ಮಧ್ಯಾಹ್ನ ರಾಧಾ ಸಾಲಿಗ್ರಾಮಕ್ಕೆ ಹೊರಟಳು, ಫಿಯಟ್ಟಿನಲ್ಲಿ. ನನ್ನ ಸೀಟಿನಲ್ಲಿ ಹೊಸ ಅಳಿಯ ಕೂತಿದ್ದ. ಬಾಗಿಲು ಹೇಗೆ ಹಿಡಿಯಬೇಕೆಂದು ಅವನಿಗೆ ಬೆಳಗಿನಿಂದ ಹೇಳಿಕೊಟ್ಟಿದ್ದೆ. ಲಿಂಗರಾಜು ಮಗಳ ತಲೆ ಸವರಿ, ಕಣ್ಣೊರೆಸಿಕೊಂಡು, ಮುಂದಿನ ಕಿಟಕಿಯ ಹತ್ತಿರ ಬಂದು ಬಗ್ಗಿದ.

"ಲೈಟ್ ಉರೀತಾ ಅದೆ ನಂಜಣ್ಣ. ಹಗಲು," ಎಂದ.

"ಗೊತ್ತು ಭಾವ," ಎಂದ ನಂಜಣ್ಣ. ಗೇರು ಹಾಕಿದ. ಬುಧವಾರದ ಬಿಸಿಲಿನಲ್ಲಿ, ಎರಡೂ ದೀಪ ಹೊತ್ತಿಸಿಕೊಂಡೇ, ಹೆಣ್ಣನ್ನು ಕರೆದುಕೊಂಡು ಹೊರಟುಹೋದ.